ಕೊನೆಯ ಆರು ವಾರಗಳ ಸಂಬಳ ಕೊಡದ ಹಳೆಯ ಕಂಪನಿ: ಇಂಗ್ಲೆಂಡಿನ ಉದ್ಯೋಗ ನ್ಯಾಯಮಂಡಳಿಗೆ ಹೋಗುವುದು ಹೇಗೆ?

ಪ್ರಶ್ನೆ: ಹಾಸನದವಳು, ಲೆಸ್ಟರ್ (10 ಮೇ 2025)

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವಳು. ಲೆಸ್ಟರ್‌ನಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, 2023ರ ನವೆಂಬರ್‌ನಿಂದ ಇಲ್ಲಿಯದೇ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಮೊದಲು ಗ್ರಾಜುಯೇಟ್ ವೀಸಾ ಇತ್ತು. 2024ರ ಜೂನ್‌ನಲ್ಲಿ ಅದೇ ಕಂಪನಿ ಸ್ಪಾನ್ಸರ್ ಆಗಿ ಮೂರು ವರ್ಷದ ಸ್ಕಿಲ್ಡ್ ವರ್ಕರ್ ವೀಸಾ ಮಾಡಿಸಿತು. ಸಂಬಳ ವರ್ಷಕ್ಕೆ 33,000 ಪೌಂಡ್, ಅಂದರೆ ತಿಂಗಳಿಗೆ 2,750.

ಬೇರೆ ಕಡೆ ಕೆಲಸ ಸಿಕ್ಕಿದ್ದರಿಂದ ಫೆಬ್ರವರಿ 14ರಂದು ರಾಜೀನಾಮೆ ಕೊಟ್ಟು, ಒಪ್ಪಂದದಲ್ಲಿದ್ದಂತೆ ಒಂದು ತಿಂಗಳ ನೋಟಿಸ್ ಅವಧಿಯನ್ನು ಪೂರ್ತಿ ದುಡಿದು, ಮಾರ್ಚ್ 14ರ ಶುಕ್ರವಾರ ಲ್ಯಾಪ್‌ಟಾಪನ್ನೂ ಬಾಗಿಲ ಕಾರ್ಡನ್ನೂ ಒಪ್ಪಿಸಿ ಹೊರಬಂದೆ. ಅಷ್ಟರಲ್ಲಾಗಲೇ ಫೆಬ್ರವರಿ 28ಕ್ಕೆ ಬರಬೇಕಿದ್ದ ಸಂಬಳ ಬಂದಿರಲಿಲ್ಲ. ಕೇಳಿದ್ದಕ್ಕೆ "ಕೊನೆಯ ಲೆಕ್ಕದಲ್ಲಿ ಸೇರಿಸಿ ಕೊಡುತ್ತೇವೆ" ಎಂದರು. ಮಾರ್ಚ್ 31 ಕೂಡ ಹಾಗೆಯೇ ಕಳೆಯಿತು. ಅಲ್ಲಿಂದ ಮುಂದೆ ನಾನು ಬರೆದ ಇಮೇಲ್‌ಗಳಿಗೆ ಬಂದ ಉತ್ತರಗಳೆಲ್ಲ, ನಮ್ಮೂರ ಹಳೆಯ ಬಾಗಿಲುಗಳ ಮೇಲೆ ಸುಣ್ಣದಲ್ಲಿ ಬರೆಯುತ್ತಿದ್ದ "ನಾಳೆ ಬಾ" ಎಂಬ ಬರಹದಂತೆಯೇ ಇದ್ದವು. ಇಲ್ಲಿ ದೆವ್ವ ನಾನಾಗಿದ್ದೆ ಎಂಬುದಷ್ಟೇ ವ್ಯತ್ಯಾಸ.

ಏಪ್ರಿಲ್ 22ರಂದು ಒಂದು ಲೆಕ್ಕಪಟ್ಟಿ ಬಂತು. ನನಗೆ ಬರಬೇಕಾದದ್ದು ಫೆಬ್ರವರಿಯ 2,750, ಮಾರ್ಚ್‌ನ ಹತ್ತು ಕೆಲಸದ ದಿನಗಳ 1,269.23, ಬಳಸದೆ ಉಳಿದ ಆರು ದಿನಗಳ ರಜೆಯ 761.54, ಒಟ್ಟು 4,780.77 ಪೌಂಡ್ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅದರ ಕೆಳಗೆ ನನ್ನಿಂದ ಮುರಿದುಕೊಳ್ಳುವ ಬಾಬ್ತುಗಳಿವೆ: ತರಬೇತಿ ವೆಚ್ಚ 2,800, ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ (ವಿದೇಶಿ ನೌಕರರಿಗೆ ಸ್ಪಾನ್ಸರ್ ಆಗುವ ಕಂಪನಿ ಸರ್ಕಾರಕ್ಕೆ ಕಟ್ಟುವ ಶುಲ್ಕ) 1,092, ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ 239, "ಆಡಳಿತ ವೆಚ್ಚ" 1,000. ಒಟ್ಟು 5,131. ಆದ್ದರಿಂದ ನಾನೇ ಅವರಿಗೆ 350.23 ಪೌಂಡ್ ಕೊಡಬೇಕಂತೆ, ಅದೂ ಹದಿನಾಲ್ಕು ದಿನಗಳೊಳಗೆ! ಕೆಲಸಕ್ಕೆ ಸೇರಿದ ಮೇಲೆ ಒಂದು ತರಬೇತಿ ಒಪ್ಪಂದದ ಕರಡನ್ನು ಕಳುಹಿಸಿದ್ದುದು ನಿಜ. ನಾನು ಅದಕ್ಕೆ ರುಜು ಹಾಕಿರಲಿಲ್ಲ, ಅವರೂ ಮತ್ತೆ ಕೇಳಿರಲಿಲ್ಲ.

ಹೊಸ ಸ್ಪಾನ್ಸರ್‌ನ ವೀಸಾ ಮಂಜೂರಾಗಿ ಏಪ್ರಿಲ್‌ನಲ್ಲಿ ಹೊಸ ಕೆಲಸಕ್ಕೆ ಸೇರಿದ್ದೇನೆ. ನನ್ನ ಅನುಮಾನಗಳು ಇಷ್ಟು. ವಕೀಲರಿಲ್ಲದೆ ಟ್ರಿಬ್ಯೂನಲ್‌ಗೆ (ಉದ್ಯೋಗ ನ್ಯಾಯಮಂಡಳಿಗೆ) ಹೋಗಬಹುದೇ, ಇನ್ನೂ ಕಾಲಾವಕಾಶ ಇದೆಯೇ? ಹೋದರೆ ಅವರು ಆ 5,131 ಪೌಂಡಿಗೆ ನನ್ನ ಮೇಲೆಯೇ ತಿರುಗಿಬೀಳುತ್ತಾರೆಯೇ? ಇದರಿಂದ ವೀಸಾಕ್ಕೆ ಏನಾದರೂ ತೊಂದರೆಯಾಗುತ್ತದೆಯೇ? ಮನೆಯಲ್ಲಿ ಇನ್ನೂ ಹೇಳಿಲ್ಲ. ಅಪ್ಪನಿಗೆ ಗೊತ್ತಾದರೆ "ಹೋದರೆ ಹೋಗಲಿ, ಪರದೇಶದಲ್ಲಿ ಕೋರ್ಟು ಕಚೇರಿ ಬೇಡ" ಎನ್ನುತ್ತಾರೆ.

ಉತ್ತರ: ಡರ್ಬಿಯ ಮಲೆನಾಡಿಗ (10 ಮೇ 2025)

ತಂಗೀ, ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್‌ಲೆಂಡ್‌ಗಳಲ್ಲಿ ಸಂಬಳ ಕಡಿತದ ದೂರಿಗೆ ಇರುವ ಅವಧಿ ಮೂರು ತಿಂಗಳಿಗೆ ಒಂದು ದಿನ ಕಡಿಮೆ, ಅದೂ ಹಣ ಕೈಸೇರಬೇಕಿದ್ದ ದಿನದಿಂದ. ನಿಮ್ಮ ಫೆಬ್ರವರಿ ಸಂಬಳದ ದಿನ 28 ಆಗಿದ್ದರಿಂದ ಗಡುವು ಮೇ 27ಕ್ಕೆ ಮುಗಿಯುತ್ತದೆ. ಒಂದರ ಹಿಂದೊಂದು ನಡೆದ ಕಡಿತಗಳನ್ನು ಒಂದೇ ಸರಣಿಯೆಂದು ಪರಿಗಣಿಸಿ, ಕೊನೆಯ ಕಡಿತದ ದಿನವಾದ ಮಾರ್ಚ್ 31ರಿಂದ ಎಣಿಸಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ನಿಜವಾದರೂ, ಕೈಯಲ್ಲಿ ಹದಿನೇಳು ದಿನಗಳಿರುವಾಗ ಆ ವಾದವನ್ನು ನಂಬಿ ಕೂರುವುದು ಬೇಡ. ಅವಧಿ ಮೀರಿದ ಅರ್ಜಿಗಳನ್ನು ನ್ಯಾಯಾಧೀಶರು ಬಹಳ ಬಿಗಿಯಾಗಿ ನೋಡುತ್ತಾರೆ. ಮಾಲೀಕರೊಡನೆ ಮಾತುಕತೆ ನಡೆಯುತ್ತಿತ್ತು ಎಂಬ ಕಾರಣ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. "ನಾಳೆ ಬಾ" ಎನ್ನುವವರಿಗೂ ಇದು ಗೊತ್ತಿರುತ್ತದೆ ಎಂಬುದು ನನ್ನ ಗುಮಾನಿ.

ನೇರವಾಗಿ ಟ್ರಿಬ್ಯೂನಲ್‌ಗೆ ಹೋಗಲು ಬರುವುದಿಲ್ಲ. ಮೊದಲು ಏಕಾಸ್ ಎಂಬ ಸರ್ಕಾರಿ ಸಂಧಾನ ಸಂಸ್ಥೆಗೆ ತಿಳಿಸಬೇಕು. ಅದರ ವೆಬ್‌ಸೈಟಿನಲ್ಲಿ ಅರ್ಧ ಗಂಟೆಯ ಕೆಲಸ, ಶುಲ್ಕವಿಲ್ಲ. ನೀವು ತಿಳಿಸಿದ ದಿನದಿಂದ ಗಡುವಿನ ಗಡಿಯಾರ ನಿಲ್ಲುತ್ತದೆ. 2025ರ ಮೇ ತಿಂಗಳ ನಿಯಮದಂತೆ ಸಂಧಾನಕ್ಕೆ ಹೆಚ್ಚೆಂದರೆ ಆರು ವಾರ. ಅದು ಮುರಿದುಬಿದ್ದರೆ ಒಂದು ಸರ್ಟಿಫಿಕೇಟ್ ಕೊಡುತ್ತಾರೆ, ಮತ್ತು ಆ ಸರ್ಟಿಫಿಕೇಟಿನ ದಿನದಿಂದ ನಿಮಗೆ ಕನಿಷ್ಠ ಒಂದು ತಿಂಗಳಾದರೂ ಸಿಗುತ್ತದೆ. ಸೋಮವಾರವೇ ಹಾಕಿಬಿಡಿ.

ಅಲ್ಲಿ ಕಂಪನಿಯ ಹೆಸರು ಬರೆಯುವಾಗ ಮೈಯೆಲ್ಲ ಕಣ್ಣಾಗಿರಬೇಕು. ಕಚೇರಿಯ ಬೋರ್ಡಿನ ಮೇಲೆ, ವೆಬ್‌ಸೈಟಿನಲ್ಲಿ ಇರುವ ಹೆಸರು ಒಂದಾದರೆ ನಿಮ್ಮನ್ನು ನೇಮಿಸಿಕೊಂಡ ಕಂಪನಿಯ ನೋಂದಾಯಿತ ಹೆಸರು ಇನ್ನೊಂದಿರಬಹುದು. ಒಪ್ಪಂದ, ಪೇಸ್ಲಿಪ್, ಪಿ45 (ಕೆಲಸ ಬಿಟ್ಟಾಗ ಕೊಡುವ ತೆರಿಗೆ ಪತ್ರ) ಮೂರನ್ನೂ ಎದುರಿಗಿಟ್ಟುಕೊಂಡು, ಕಂಪನೀಸ್ ಹೌಸ್ ಎಂಬ ಕಂಪನಿ ನೋಂದಣಿ ಕಚೇರಿಯ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆಯೊಡನೆ ತಾಳೆ ನೋಡಿ, "ಲಿಮಿಟೆಡ್" ಎಂಬ ಪದವನ್ನೂ ಬಿಡದೆ ಬರೆಯಿರಿ. ಏಕಾಸ್ ಸರ್ಟಿಫಿಕೇಟಿನಲ್ಲಿರುವ ಹೆಸರಿಗೂ ಟ್ರಿಬ್ಯೂನಲ್ ಅರ್ಜಿಯಲ್ಲಿರುವ ಹೆಸರಿಗೂ ಹೊಂದಾಣಿಕೆ ಇಲ್ಲದಿದ್ದರೆ ಅರ್ಜಿಯೇ ವಾಪಸಾಗುವ ಸಂಭವವಿದೆ.

ಈಗ ನಿಮ್ಮ ಮುಖ್ಯ ಹೆದರಿಕೆಗೆ ಬರುತ್ತೇನೆ. ಅರ್ಜಿಯ ನಮೂನೆಗೆ ಇಟಿ1 ಎನ್ನುತ್ತಾರೆ. ಅದರ ಎಂಟನೆಯ ಭಾಗದಲ್ಲಿ ನಿಮಗೆ ಏನು ಬಾಕಿ ಇದೆ ಎಂದು ಗುರುತು ಹಾಕುವ ಚೌಕಗಳಿವೆ. ನೀವು ಬಾಕಿ ಸಂಬಳ ಮತ್ತು ರಜೆಯ ಹಣ ಇವೆರಡಕ್ಕೆ ಮಾತ್ರ ಗುರುತು ಹಾಕಿ, ಕೆಳಗಿನ ವಿವರಣೆಯಲ್ಲಿ ಇದು 1996ರ ಎಂಪ್ಲಾಯ್‌ಮೆಂಟ್ ರೈಟ್ಸ್ ಆಕ್ಟ್‌ನ 13ನೇ ಸೆಕ್ಷನ್ನಿನ ಪ್ರಕಾರ ಅಕ್ರಮ ಸಂಬಳ ಕಡಿತದ ದೂರು ಎಂದು ಸ್ಪಷ್ಟವಾಗಿ ಬರೆಯಿರಿ. ಒಪ್ಪಂದ ಉಲ್ಲಂಘನೆ ಎಂಬ ದಾವೆಯನ್ನು ಜೊತೆಗೆ ಸೇರಿಸಬೇಡಿ. ಕಾರಣ ಇದು: ಟ್ರಿಬ್ಯೂನಲ್‌ನಲ್ಲಿ ನೌಕರರು ಒಪ್ಪಂದ ಉಲ್ಲಂಘನೆಯ ದಾವೆ ಹೂಡಿದಾಗ ಮಾತ್ರ ಮಾಲೀಕರಿಗೆ ಅಲ್ಲಿಯೇ ಪ್ರತಿದಾವೆ ಹೂಡುವ ಹಕ್ಕು ಹುಟ್ಟುತ್ತದೆ. ಬರೀ ಸಂಬಳ ಕಡಿತದ ದೂರಿಗೆ ಪ್ರತಿದಾವೆ ಇಲ್ಲ. ಆ ದಾವೆ ಬೇಕಾಗುವುದು ನೋಟಿಸ್ ಅವಧಿಯ ಹಣ ಬಾಕಿ ಇರುವಂಥವರಿಗೆ. ನೀವು ಆ ತಿಂಗಳನ್ನು ದುಡಿದೇ ಮುಗಿಸಿದ್ದೀರಿ, ನಿಮಗೆ ಅದರ ಹಂಗಿಲ್ಲ. ಅವರಿಗೆ ನಿಜವಾಗಿಯೂ 5,131 ಪೌಂಡ್ ಬರಬೇಕಿದೆ ಎಂದಿದ್ದರೆ ಅವರು ಕೌಂಟಿ ಕೋರ್ಟ್ ಎಂಬ ಸಿವಿಲ್ ನ್ಯಾಯಾಲಯಕ್ಕೆ ತಾವೇ ಶುಲ್ಕ ಕಟ್ಟಿ ಹೋಗಬೇಕು. ಹೋಗುವುದೇ ಇಲ್ಲ ಎಂದು ನಾನು ಹೇಳಲಾರೆ, ಆದರೆ ರುಜುವಿಲ್ಲದ ಕರಡನ್ನು ಹಿಡಿದು ಹೋಗುವವರು ಅಪರೂಪ.

ವಕೀಲರ ಅಗತ್ಯ ನನಗೆ ಬೀಳಲಿಲ್ಲ. 2022ರಲ್ಲಿ ಒಂದು ಗೋದಾಮಿನವರು ಉಳಿಸಿಕೊಂಡಿದ್ದ ಐದು ವಾರಗಳ ಸಂಬಳಕ್ಕೆ ನಾನೊಬ್ಬನೇ ವಾದಿಸಿದೆ. ವಿಚಾರಣೆ ವಿಡಿಯೋದಲ್ಲಿ, ಎರಡು ಗಂಟೆಯ ಅವಧಿ, ಒಬ್ಬರೇ ನ್ಯಾಯಾಧೀಶರು. ಕೋಟು ಗೌನು ಯಾವುದೂ ಇಲ್ಲ. "ಜಡ್ಜ್" ಎಂದು ಸಂಬೋಧಿಸಿದರೆ ಸಾಕು. ನಾನು ಕಳುಹಿಸಿದ್ದ ದಾಖಲೆಗಳ ಪಿಡಿಎಫ್‌ನಲ್ಲಿ ನಾನು ಕೈಯಿಂದ ಬರೆದ ಪುಟಸಂಖ್ಯೆ 14 ಆಗಿದ್ದರೆ ಪರದೆಯ ಮೇಲೆ ಅದು 17 ಎಂದು ತೋರಿಸುತ್ತಿತ್ತು. ಆ ಗೊಂದಲದಲ್ಲೇ ಹತ್ತು ನಿಮಿಷ ಕಳೆದು ನಾನು ಬೆವತುಹೋದೆ. ನೀವು ಆ ತಪ್ಪು ಮಾಡಬೇಡಿ, ಮುಖಪುಟದಿಂದಲೇ ಎಣಿಕೆ ಶುರುಮಾಡಿ. ಅದೊಂದು ಬಿಟ್ಟರೆ ನ್ಯಾಯಾಧೀಶರು ಮ್ಯಾನೇಜರನ್ನು ಕೇಳಿದ ಮುಖ್ಯ ಪ್ರಶ್ನೆ ಒಂದೇ: "ಈ ಕಡಿತಕ್ಕೆ ಇವರು ಮೊದಲೇ ಬರೆದುಕೊಟ್ಟ ಒಪ್ಪಿಗೆ ಎಲ್ಲಿದೆ?" ಅವರ ಬಳಿ ಇರಲಿಲ್ಲ. ನನಗೆ ಉದ್ಯೋಗದ ಷರತ್ತುಗಳನ್ನು ಬರವಣಿಗೆಯಲ್ಲಿ ಕೊಟ್ಟೇ ಇರಲಿಲ್ಲವಾದ್ದರಿಂದ, ಬಾಕಿಯ ಮೇಲೆ ಇನ್ನೂ ಎರಡು ವಾರಗಳ ಸಂಬಳ ಸೇರಿಸಿ ತೀರ್ಪು ಕೊಟ್ಟರು.

ಟ್ರಿಬ್ಯೂನಲ್‌ಗೂ ಶುಲ್ಕವಿಲ್ಲ. 2013ರಿಂದ ನಾಲ್ಕು ವರ್ಷ ಇತ್ತು. ಇಂಥ ಸಂಬಳದ ದೂರಿಗೇ ಅರ್ಜಿಗೆ 160, ವಿಚಾರಣೆಗೆ 230, ಒಟ್ಟು 390 ಪೌಂಡ್ ಕಟ್ಟಬೇಕಿತ್ತು. ಮುನ್ನೂರು ಪೌಂಡಿನ ಬಾಕಿಗೆ ಮುನ್ನೂರ ತೊಂಬತ್ತು ಕಟ್ಟುವವರು ಯಾರು? ಯೂನಿಸನ್ ಎಂಬ ಕಾರ್ಮಿಕ ಸಂಘ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2017ರ ಜುಲೈ 26ರಂದು ಆ ಶುಲ್ಕವನ್ನು ಕಾನೂನುಬಾಹಿರವೆಂದು ರದ್ದುಮಾಡಿತು. ಸೋತರೂ ಎದುರಾಳಿಯ ವಕೀಲರ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೆ ಬರುವುದಿಲ್ಲ, ನೀವು ತೀರಾ ಅಸಮಂಜಸವಾಗಿ ನಡೆದುಕೊಂಡರೆ ಮಾತ್ರ ಬರಬಹುದು.

ಉತ್ತರ: ಲೆಕ್ಕದ ಮೇಷ್ಟ್ರು, ಬರ್ಮಿಂಗ್‌ಹ್ಯಾಮ್ (11 ಮೇ 2025)

ಮಲೆನಾಡಿನವರು ಹೇಳಿದ್ದು ಸರಿಯಾಗಿದೆ. ನಾನು ಪೇರೋಲ್ (ಸಂಬಳದ ಲೆಕ್ಕದ) ಕೆಲಸ ಮಾಡುವವನಾದ್ದರಿಂದ ಆ ಲೆಕ್ಕಪಟ್ಟಿಯ ಬಗ್ಗೆ ಮಾತ್ರ ಬರೆಯುತ್ತೇನೆ.

ಆ ಪಟ್ಟಿಯ ಮೇಲರ್ಧವೇ ನಿಮಗೆ ಅವರು ಬರೆದುಕೊಟ್ಟ ಸಾಕ್ಷಿ. 33,000ವನ್ನು 260 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 126.92 ಬರುತ್ತದೆ, ಹತ್ತು ದಿನಕ್ಕೂ ಆರು ದಿನದ ರಜೆಗೂ ಅವರ ಲೆಕ್ಕ ಸರಿಯಾಗಿಯೇ ಇದೆ. ಇಷ್ಟು ಹಣ ಬಾಕಿ ಇರುವುದು ನಿಜ ಎಂದು ಒಪ್ಪಿಕೊಂಡ ಮೇಲೆ ವಿವಾದ ಉಳಿಯುವುದು ಕೆಳಗಿನ ಅರ್ಧದಲ್ಲಿ ಮಾತ್ರ, ಮತ್ತು ಅಲ್ಲಿ ಒಂದೊಂದು ಸಾಲನ್ನೂ ಬೇರೆ ಬೇರೆಯಾಗಿ ನೋಡಬೇಕು.

ಸಂಬಳದಿಂದ ಮುರಿದುಕೊಳ್ಳಲು ಕಾನೂನು ಒಪ್ಪುವ ಮುಖ್ಯ ದಾರಿಗಳು ಮೂರು. ತೆರಿಗೆಯ ಹಾಗೆ ಶಾಸನವೇ ಹೇಳಿರಬೇಕು, ಅಥವಾ ನಿಮ್ಮ ಉದ್ಯೋಗ ಒಪ್ಪಂದದಲ್ಲಿ ಅಂಥ ಷರತ್ತು ಇದ್ದು ಅದನ್ನು ನಿಮಗೆ ಮೊದಲೇ ತಿಳಿಸಿರಬೇಕು, ಇಲ್ಲವೇ ಕಡಿತಕ್ಕೆ ಮುಂಚೆಯೇ ನೀವು ಬರವಣಿಗೆಯಲ್ಲಿ ಒಪ್ಪಿರಬೇಕು. ತರಬೇತಿಯ 2,800ಕ್ಕೆ ರುಜುವಿಲ್ಲದ ಕರಡು ಸಾಲದು. ಆದರೂ ನಿಮ್ಮ ಮೂಲ ಒಪ್ಪಂದದಲ್ಲಿ ತರಬೇತಿ ವೆಚ್ಚದ ಬಗ್ಗೆ ಎಲ್ಲಾದರೂ ಒಂದು ಸಾಲು ಅಡಗಿದೆಯೇ ಎಂದು ಇವತ್ತೇ ಹುಡುಕಿ ನೋಡಿ. ಸ್ಟಾಫ್ ಹ್ಯಾಂಡ್‌ಬುಕ್ ಕೂಡ ಒಪ್ಪಂದದ ಭಾಗ ಎಂದು ಬರೆದಿರುವ ಕಂಪನಿಗಳಿವೆ. ಒಂದು ವೇಳೆ ಇದ್ದರೂ, ಕೆಲಸಕ್ಕೆ ಕಡ್ಡಾಯವಾದ ತರಬೇತಿಯ ವೆಚ್ಚವನ್ನು ಮುರಿದುಕೊಂಡು ಆ ಅವಧಿಯ ಸಂಬಳವನ್ನು ಕನಿಷ್ಠ ವೇತನಕ್ಕಿಂತ ಕೆಳಗಿಳಿಸುವಂತಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಅದು ಗಂಟೆಗೆ 11.44 ಪೌಂಡ್ ಇತ್ತು. ನಿಮಗೆ ಸಿಕ್ಕಿದ್ದು ಸೊನ್ನೆ.

ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್‌ನ 1,092 ನೋಡಿ ನನಗೆ ನಗು ಬಂತು. ಅದು ಸಣ್ಣ ಕಂಪನಿಗೆ 2024ರಲ್ಲಿ ವರ್ಷಕ್ಕೆ 364ರಂತೆ ಇದ್ದ ಶುಲ್ಕದ ಮೂರು ವರ್ಷದ ಮೊತ್ತ. ಸ್ಪಾನ್ಸರ್ ತಾನೇ ಭರಿಸಬೇಕಾದ, ನೌಕರರಿಂದ ಯಾವ ರೂಪದಲ್ಲೂ ವಸೂಲು ಮಾಡಬಾರದ ಹಣ. ಒಪ್ಪಿಗೆ ಇದ್ದರೂ ಕೂಡದು. ಹಾಗೆ ವಸೂಲು ಮಾಡಿದರೆ ಗೃಹ ಇಲಾಖೆ ಸ್ಪಾನ್ಸರ್ ಲೈಸೆನ್ಸನ್ನೇ ರದ್ದು ಮಾಡಬಹುದು. ಇದನ್ನು ಅವರು ತಮ್ಮ ಲೆಟರ್‌ಹೆಡ್ ಮೇಲೆ ಬರೆದು ಕಳುಹಿಸಿದ್ದಾರೆ ಎಂದರೆ, ಒಂದೋ ತಿಳಿಯದು, ಇಲ್ಲವೇ ನಿಮಗೆ ತಿಳಿಯದು ಎಂದುಕೊಂಡಿದ್ದಾರೆ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ 239ರ ವಿಷಯ ಸ್ವಲ್ಪ ಬೇರೆ. ಆ ಶುಲ್ಕವನ್ನೂ ನೌಕರರ ಮೇಲೆ ಹೇರಬಾರದೆಂಬ ನಿಯಮ ಬಂದದ್ದು 2024ರ ಡಿಸೆಂಬರ್ 31ರಿಂದ ಈಚೆಗೆ ಕೊಟ್ಟ ಸರ್ಟಿಫಿಕೇಟುಗಳಿಗೆ; ನಿಮ್ಮದು ಅದೇ ವರ್ಷದ ಜೂನ್‌ನದು. ಹಾಗಾಗಿ ಇಲ್ಲಿ ಆ ನಿಯಮವನ್ನು ಎತ್ತದೆ, "ಲಿಖಿತ ಒಪ್ಪಿಗೆ ಇಲ್ಲ" ಎಂಬ ಮೊದಲ ವಾದವನ್ನೇ ಹಿಡಿಯಿರಿ. ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು: ವೀಸಾ ಅರ್ಜಿಯ ಶುಲ್ಕ ಮತ್ತು ವರ್ಷಕ್ಕೆ 1,035 ಪೌಂಡಿನ ಆರೋಗ್ಯ ಸರ್ಚಾರ್ಜ್ ಇವನ್ನು ಕಂಪನಿ ಕಟ್ಟಿ, ಬೇಗ ಬಿಟ್ಟರೆ ಹಿಂದಿರುಗಿಸುತ್ತೇನೆಂದು ನೀವು ರುಜು ಹಾಕಿದ್ದರೆ, ಅದು ಸಾಮಾನ್ಯವಾಗಿ ಊರ್ಜಿತವಾಗುತ್ತದೆ. ಎಲ್ಲ ವಸೂಲಿಯೂ ಅಕ್ರಮವಲ್ಲ. "ಆಡಳಿತ ವೆಚ್ಚ"ದ ಸಾವಿರಕ್ಕೆ ಉತ್ತರ ಬರೆಯುವ ಅಗತ್ಯವೂ ಇಲ್ಲ.

ಇನ್ನೊಂದು ಕೆಲಸ ಮಾಡಿ. ಫೋನಿನಲ್ಲಿ ಎಚ್‌ಎಂಆರ್‌ಸಿ (ಇಲ್ಲಿಯ ತೆರಿಗೆ ಇಲಾಖೆ) ಆ್ಯಪ್ ತೆರೆದು, 2024-25ರ ತೆರಿಗೆ ವರ್ಷದಲ್ಲಿ ಆ ಕಂಪನಿ ನಿಮ್ಮ ಹೆಸರಿನಲ್ಲಿ ಎಷ್ಟು ಸಂಬಳ ತೋರಿಸಿದೆ ಎಂದು ನೋಡಿ. ಮಾಲೀಕರು ಪ್ರತಿ ಸಂಬಳದ ದಿನವೂ ತೆರಿಗೆ ಇಲಾಖೆಗೆ ವರದಿ ಕಳುಹಿಸಬೇಕಾಗುತ್ತದೆ. ಫೆಬ್ರವರಿಯ ಸಾಲು ಇದೆಯೋ ಇಲ್ಲವೋ ಹೇಳಿ.

ಹಾಸನದವಳು, ಲೆಸ್ಟರ್ (11 ಮೇ 2025)

ಮೇಷ್ಟ್ರೇ, ನೋಡಿ ಕೈ ನಡುಗಿತು. ಫೆಬ್ರವರಿ 28ರ ಸಾಲು ಅಲ್ಲಿದೆ: ಸಂಬಳ 2,750, ತೆರಿಗೆ ಸುಮಾರು 340. ಬ್ಯಾಂಕಿನ ಖಾತೆಯಲ್ಲಿ ಆ ದಿನ ಬಂದದ್ದು ಏನೂ ಇಲ್ಲ. ಆ ತಿಂಗಳ ಪೇಸ್ಲಿಪ್ ಕೂಡ ಕೊಟ್ಟಿಲ್ಲ. ಒಪ್ಪಂದವನ್ನು ಎರಡು ಸಲ ಓದಿದೆ. ತರಬೇತಿಯ ಸಾಲು ಇಲ್ಲ, ಹ್ಯಾಂಡ್‌ಬುಕ್ಕಿನ ಮಾತೂ ಇಲ್ಲ.

ಲೆಕ್ಕದ ಮೇಷ್ಟ್ರು, ಬರ್ಮಿಂಗ್‌ಹ್ಯಾಮ್ (11 ಮೇ 2025)

ಹಾಗಾದರೆ ಆ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ಪಕ್ಕದಲ್ಲಿ ಫೆಬ್ರವರಿ 20ರಿಂದ ಮಾರ್ಚ್ 10ರವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಿ. ಕೊಟ್ಟೆನೆಂದು ಸರ್ಕಾರಕ್ಕೆ ಹೇಳಿದವರು ಕೊಡಬೇಕಾಗಿಲ್ಲವೆಂದು ನ್ಯಾಯಾಧೀಶರಿಗೆ ಹೇಳುವುದು ಕಷ್ಟ. ಅರ್ಜಿಯಲ್ಲಿ ತೆರಿಗೆಗೆ ಮುಂಚಿನ ಮೊತ್ತವನ್ನೇ ಬರೆಯಿರಿ, ಫೆಬ್ರವರಿಯ ತೆರಿಗೆ ಈಗಾಗಲೇ ವರದಿಯಾಗಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಿ. ಕೊನೆಗೆ ಕೈಗೆ ಬರುವುದು ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಿ ಸಾಮಾಜಿಕ ವಿಮೆಯ ಕಂತು) ಕಳೆದು ಉಳಿದದ್ದು. 4,780 ಎಂದು ಎಣಿಸಿಕೊಂಡು ಆಮೇಲೆ ನಿರಾಶರಾಗಬೇಡಿ.

ಉತ್ತರ: ತುಂಗಭದ್ರೆ, ರೆಡಿಂಗ್ (12 ಮೇ 2025)

ವೀಸಾದ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದುಡಿದ ಸಂಬಳಕ್ಕೆ ದಾವೆ ಹೂಡುವುದು ವೀಸಾದ ಯಾವ ಷರತ್ತಿಗೂ ವಿರುದ್ಧವಲ್ಲ. ನೀವು ಬಿಟ್ಟುಹೋದದ್ದನ್ನು ಹಳೆಯ ಕಂಪನಿ ಹತ್ತು ಕೆಲಸದ ದಿನಗಳಲ್ಲಿ ಗೃಹ ಇಲಾಖೆಗೆ ವರದಿ ಮಾಡಬೇಕಿತ್ತು. ಆ ವರದಿಯ ಮೇಲೆ ಇಲಾಖೆ ಹಳೆಯ ವೀಸಾವನ್ನು ಅರವತ್ತು ದಿನಗಳಿಗೆ ಮೊಟಕುಗೊಳಿಸಬಹುದಿತ್ತು. ನಿಮಗೆ ಹೊಸ ಸ್ಪಾನ್ಸರ್‌ನ ವೀಸಾ ಬಂದಾಗಿರುವುದರಿಂದ ಆ ಕತ್ತಿ ಈಗ ನಿಮ್ಮ ಮೇಲಿಲ್ಲ. ಹಳೆಯ ಮಾಲೀಕರು "ಗೃಹ ಇಲಾಖೆಗೆ ಬರೆಯುತ್ತೇವೆ" ಎಂದು ಹೆದರಿಸಿದರೆ, ಆ ಮಾತನ್ನು ಇಮೇಲ್‌ನಲ್ಲಿ ಬರೆದು ತಿಳಿಸುವಂತೆ ವಿನಯದಿಂದ ಕೇಳಿ. ನನ್ನ ಅನುಭವದಲ್ಲಿ ಯಾರೂ ಬರೆಯುವುದಿಲ್ಲ. ಬೆಂಗಳೂರಿನಲ್ಲಿ ಮೂಲ ಅಂಕಪಟ್ಟಿ ಇಟ್ಟುಕೊಂಡು "ಬಾಂಡ್" ಬರೆಸಿಕೊಳ್ಳುವ ಕಂಪನಿಗಳನ್ನು ಕಂಡು ಬಂದವರು ನಾವು, ಆ ಪದ ಕೇಳಿದರೇ ಕೈಕಾಲು ತಣ್ಣಗಾಗುತ್ತವೆ. ಆ ಭಯದ ಮೇಲೆಯೇ ಇಂಥ ಲೆಕ್ಕಪಟ್ಟಿಗಳು ಓಡುತ್ತವೆ.

ನಿಮಗೆ ಗೊತ್ತಿರಬೇಕಾದ ಇನ್ನೊಂದು ವಿಷಯವಿದೆ. 2017ರಿಂದ ಟ್ರಿಬ್ಯೂನಲ್ ತೀರ್ಪುಗಳು ಸರ್ಕಾರದ ವೆಬ್‌ಸೈಟಿನಲ್ಲಿ ಇಬ್ಬರ ಹೆಸರಿನೊಡನೆ ಪ್ರಕಟವಾಗುತ್ತವೆ. ದಾವೆ ಹಿಂಪಡೆದರೆ ಅದರ ಒಂದು ಸಾಲಿನ ಆದೇಶವೂ ಬರಬಹುದು. ಹೊಸ ಮಾಲೀಕರು ಹುಡುಕಿ ನೋಡಿದರೆ ಸಿಗುತ್ತದೆ. ಸಂಬಳ ಕೇಳಿದ್ದಕ್ಕೆ ನಾಚಿಕೆಪಡುವ ಕಾರಣ ನನಗೆ ಕಾಣುವುದಿಲ್ಲ, ಆದರೆ ತಿಳಿದು ನಿರ್ಧರಿಸುವುದು ಒಳ್ಳೆಯದು.

ಉತ್ತರ: ಸ್ವಿಂಡನ್ನಿನ ಗೌಡ (12 ಮೇ 2025)

ಎಲ್ಲರೂ ಗೆಲ್ಲುವ ದಾರಿ ಹೇಳಿದ್ದೀರಿ. ನಾನು ಗೆದ್ದ ಮೇಲಿನ ಕಥೆ ಹೇಳುತ್ತೇನೆ, ಏಕೆಂದರೆ ನನ್ನ ಬಳಿ ತೀರ್ಪು ಇದೆ, ಹಣ ಇಲ್ಲ.

ಟ್ರಿಬ್ಯೂನಲ್ ತೀರ್ಪು ಕೊಡುತ್ತದೆಯೇ ಹೊರತು ವಸೂಲು ಮಾಡಿಕೊಡುವುದಿಲ್ಲ. ಹದಿನಾಲ್ಕು ದಿನಗಳೊಳಗೆ ಕೊಡದಿದ್ದರೆ ತೀರ್ಪಿನ ಮರುದಿನದಿಂದ ಶೇಕಡಾ 8ರ ಬಡ್ಡಿ ಸೇರುತ್ತದೆ. ಆಮೇಲೂ ಕೊಡದಿದ್ದರೆ ಫಾಸ್ಟ್ ಟ್ರ್ಯಾಕ್ ಎಂಬ ವ್ಯವಸ್ಥೆಯಲ್ಲಿ ಹೈಕೋರ್ಟಿನ ಜಾರಿ ಅಧಿಕಾರಿಗಳನ್ನು ಕಂಪನಿಯ ಬಾಗಿಲಿಗೆ ಕಳುಹಿಸಬಹುದು, ಇಲ್ಲವೇ ಕೌಂಟಿ ಕೋರ್ಟಿನ ಮೂಲಕ ಹೋಗಬಹುದು. ಸರ್ಕಾರದ ದಂಡದ ಯೋಜನೆಯೂ ಒಂದಿದೆ. ಬಾಕಿಯ ಅರ್ಧದಷ್ಟು, ಕನಿಷ್ಠ 100ರಿಂದ ಗರಿಷ್ಠ 5,000 ಪೌಂಡಿನವರೆಗೆ ಮಾಲೀಕರಿಗೆ ದಂಡ ಹಾಕುತ್ತಾರೆ. ಆ ದಂಡ ಸೇರುವುದು ಬೊಕ್ಕಸಕ್ಕೆ, ನಮಗಲ್ಲ. ಹೆದರಿಸಲು ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ನನ್ನ ವಿಷಯದಲ್ಲಿ ಆದದ್ದು ಬೇರೆ. ತೀರ್ಪು ಬರುವ ಹೊತ್ತಿಗೆ ಕಂಪನಿಯೇ ಇರಲಿಲ್ಲ. ನಿರ್ದೇಶಕರು ಕಂಪನಿಯ ಹೆಸರನ್ನು ನೋಂದಣಿಯಿಂದ ತೆಗೆಸಲು ಅರ್ಜಿ ಹಾಕಿದ್ದರು. ಅಂಥ ಅರ್ಜಿಯ ಪ್ರತಿಯನ್ನು ಏಳು ದಿನಗಳೊಳಗೆ, ಕಂಪನಿಯಿಂದ ಹಣ ಬರಬೇಕಾದವರಿಗೂ ನೌಕರರಿಗೂ ಕಳುಹಿಸಬೇಕೆಂದು ಕಾನೂನಿದೆ. ನನಗೆ ಯಾರೂ ಕಳುಹಿಸಲಿಲ್ಲ. ಗೆಜೆಟ್‌ನಲ್ಲಿ ನೋಟಿಸ್ ಬಂದು ಎರಡು ತಿಂಗಳು ಕಳೆದ ಮೇಲೆ ಕಂಪನಿ ವಿಸರ್ಜನೆಯಾಯಿತು. ಉಳಿದಿದ್ದ ಆಸ್ತಿ "ಕ್ರೌನ್"ಗೆ, ಅಂದರೆ ಸರ್ಕಾರಕ್ಕೆ ಸೇರುತ್ತದೆ ಎಂದು ಆಮೇಲೆ ತಿಳಿಯಿತು. ಈಗ ಕಂಪನಿಯನ್ನು ನೋಂದಣಿಗೆ ಮರಳಿ ತರಲು ಬೇರೊಂದು ಕೋರ್ಟಿಗೆ ಹೋಗಬೇಕು, ನನಗೆ ತಾಳ್ಮೆ ಮುಗಿದಿದೆ.

ನೀವು ಇವತ್ತೇ ಕಂಪನೀಸ್ ಹೌಸ್ ವೆಬ್‌ಸೈಟಿನಲ್ಲಿ ಆ ಕಂಪನಿಯ ಪುಟ ತೆರೆದು "ಫಾಲೋ" ಒತ್ತಿ. ಖರ್ಚಿಲ್ಲ. ಅಲ್ಲಿ ಯಾವ ಕಾಗದ ಬಿದ್ದರೂ ನಿಮಗೆ ಇಮೇಲ್ ಬರುತ್ತದೆ. ಹೆಸರು ತೆಗೆಸುವ ಅರ್ಜಿ ಕಂಡ ಕೂಡಲೇ, ನಿಮಗೆ ಹಣ ಬಾಕಿ ಇದೆ ಎಂಬ ದಾಖಲೆಯೊಡನೆ ಆಕ್ಷೇಪಣೆ ಸಲ್ಲಿಸಿದರೆ ಆ ಪ್ರಕ್ರಿಯೆಯನ್ನು ತಡೆಹಿಡಿಯುತ್ತಾರೆ. ಕಂಪನಿ ವಿಧಿವತ್ತಾಗಿ ದಿವಾಳಿಯಾದರೆ ಮಾತ್ರ ಇನ್ನೊಂದು ಬಾಗಿಲು ತೆರೆಯುತ್ತದೆ: ರಿಡಂಡೆನ್ಸಿ ಪೇಮೆಂಟ್ಸ್ ಸರ್ವಿಸ್ ಎಂಬ ಸರ್ಕಾರಿ ವಿಭಾಗ ಗರಿಷ್ಠ ಎಂಟು ವಾರಗಳ ಬಾಕಿ ಸಂಬಳವನ್ನೂ ಆರು ವಾರಗಳ ರಜೆಯ ಹಣವನ್ನೂ ನ್ಯಾಷನಲ್ ಇನ್ಶೂರೆನ್ಸ್ ನಿಧಿಯಿಂದ ಕೊಡುತ್ತದೆ. 2025ರ ಏಪ್ರಿಲ್ 6ರಿಂದ ಜಾರಿಗೆ ಬಂದ ಮಿತಿ ವಾರಕ್ಕೆ 719 ಪೌಂಡ್. ನೋಂದಣಿಯಿಂದ ಹೆಸರು ತೆಗೆಸುವುದು ದಿವಾಳಿಯಲ್ಲ, ಆದ್ದರಿಂದ ಆ ಬಾಗಿಲು ನನಗೆ ಮುಚ್ಚಿತ್ತು.

ಅದಕ್ಕೇ ನನ್ನ ಸಲಹೆ ಮಲೆನಾಡಿನವರಿಗಿಂತ ಸ್ವಲ್ಪ ಬೇರೆ. ಏಕಾಸ್ ಮೂಲಕ ಒಂದು ಸಮಾಧಾನಕರ ಮೊತ್ತ ಬಂದರೆ, ನೂರಿನ್ನೂರು ಪೌಂಡಿಗೆ ಹಟ ಹಿಡಿಯದೆ ತೆಗೆದುಕೊಳ್ಳಿ. ಆದರೆ ಅವರು ಕೇಳುತ್ತಿರುವ 5,131ನ್ನೂ ಕೈಬಿಡುತ್ತಾರೆ ಎಂದು ಆ ರಾಜಿಯಲ್ಲಿ ಬರೆಸದೆ ಒಪ್ಪಬೇಡಿ.

ಹಾಸನದವಳು, ಲೆಸ್ಟರ್ (21 ಸೆಪ್ಟೆಂಬರ್ 2025)

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಮೇ 12ರಂದೇ ಏಕಾಸ್‌ಗೆ ಅರ್ಜಿ ಹಾಕಿದೆ. ಸಂಧಾನಕಾರರು ಮೂರು ಸಲ ಫೋನ್ ಮಾಡಿದರೂ ಕಂಪನಿಯವರು ಎತ್ತಲಿಲ್ಲ. ಜೂನ್ 2ರಂದು ಸರ್ಟಿಫಿಕೇಟ್ ಬಂತು, 4ರಂದು ಇಟಿ1 ಸಲ್ಲಿಸಿದೆ. ಅರ್ಜಿಯಲ್ಲಿ ನಾನು ಬರೆದದ್ದು ಒಂದೂವರೆ ಪುಟ. ಉತ್ತರ ಸಲ್ಲಿಸಲು ಅವರಿಗಿದ್ದ ಇಪ್ಪತ್ತೆಂಟು ದಿನಗಳ ಕೊನೆಯ ದಿನ ಅವರ ಉತ್ತರ ಬಂತು. ತರಬೇತಿ ಒಪ್ಪಂದವನ್ನು ನಾನು "ಮೌಖಿಕವಾಗಿ ಒಪ್ಪಿದ್ದೆ" ಎಂದು ಅದರಲ್ಲಿತ್ತು. ಸ್ಕಿಲ್ಸ್ ಚಾರ್ಜ್‌ನ ಸಾಲು ಮಾತ್ರ ಮಾಯವಾಗಿತ್ತು. ಮೇಷ್ಟ್ರು ಓದಿದರೆ ಇನ್ನೊಮ್ಮೆ ನಗುತ್ತಾರೆ.

ವಿಡಿಯೋ ವಿಚಾರಣೆಗೆ ದಿನಾಂಕ ನಿಗದಿಯಾಗಿತ್ತು. ಆಗಸ್ಟ್ 8ರ ಬೆಳಿಗ್ಗೆ, ಕೆಲಸಕ್ಕೆ ಹೋಗುವ ರೈಲಿನಲ್ಲಿದ್ದಾಗ ಕಂಪನೀಸ್ ಹೌಸ್‌ನಿಂದ ಇಮೇಲ್ ಬಂತು: ಹೆಸರು ತೆಗೆಸುವ ಅರ್ಜಿ. ಗೌಡರು ಹೇಳಿರದಿದ್ದರೆ ಆ ಇಮೇಲ್ ನನಗೆ ಬರುತ್ತಲೇ ಇರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಟ್ರಿಬ್ಯೂನಲ್ ಪ್ರಕರಣದ ಸಂಖ್ಯೆ ಮತ್ತು ಅವರದೇ ಲೆಕ್ಕಪಟ್ಟಿಯನ್ನು ಲಗತ್ತಿಸಿ ಆಕ್ಷೇಪಣೆ ಕಳುಹಿಸಿದೆ, ಅದು ಅಂಗೀಕಾರವಾಯಿತು. ಅದಾದ ಎರಡು ವಾರಕ್ಕೆ ಕಂಪನಿಯ ಅಕೌಂಟೆಂಟ್ ತಾವಾಗಿಯೇ ಏಕಾಸ್‌ಗೆ ಫೋನ್ ಮಾಡಿದರು. ಮೊದಲು 3,000 ಎಂದರು, ಬೇಡವೆಂದೆ. ಕೊನೆಗೆ ತೆರಿಗೆಗೆ ಮುಂಚೆ 4,500ಕ್ಕೆ ಒಪ್ಪಿದೆ, 280.77 ಬಿಟ್ಟುಕೊಟ್ಟೆ. ಸಿಒಟಿ3 ಎಂಬ ರಾಜಿ ಪತ್ರದಲ್ಲಿ, ತರಬೇತಿಯದೂ ಸೇರಿ ನನ್ನಿಂದ ಅವರಿಗೆ ಯಾವ ಹಣವೂ ಬರಬೇಕಾಗಿಲ್ಲ ಎಂಬ ಸಾಲನ್ನು ಸಂಧಾನಕಾರರ ಮೂಲಕ ಸೇರಿಸಿಸಿದೆ. ಆ ಸಾಲಿಗಾಗಿಯೇ ನಾಲ್ಕು ದಿನ ಹಗ್ಗಜಗ್ಗಾಟ ನಡೆಯಿತು.

ತೆರಿಗೆ ಕಳೆದ ಹಣ ಮೊನ್ನೆ ಶುಕ್ರವಾರ, 19ರಂದು ಖಾತೆಗೆ ಬಿತ್ತು. ಅಪ್ಪನಿಗೆ ಅವತ್ತೇ ಹೇಳಿದೆ. "ವಕೀಲರಿಗೆ ಎಷ್ಟು ಕೊಟ್ಟೆ?" ಎಂದು ಕೇಳಿದರು, ಏನೂ ಇಲ್ಲವೆಂದರೆ ಇನ್ನೂ ನಂಬಿಲ್ಲ. ಫೆಬ್ರವರಿಯ ಪೇಸ್ಲಿಪ್ ಮಾತ್ರ ಇವತ್ತಿಗೂ ಬಂದಿಲ್ಲ. ಮೇಷ್ಟ್ರೇ, ತೆರಿಗೆ ಲೆಕ್ಕಕ್ಕೆ ಅದು ಬೇಕಾಗುತ್ತದೆಯೇ, ಅಥವಾ ಆ್ಯಪ್‌ನಲ್ಲಿರುವ ಸಾಲೇ ಸಾಕೇ?

ಲೆಕ್ಕದ ಮೇಷ್ಟ್ರು, ಬರ್ಮಿಂಗ್‌ಹ್ಯಾಮ್ (21 ಸೆಪ್ಟೆಂಬರ್ 2025)

ಆ್ಯಪ್‌ನ ಸಾಲೇ ಸಾಕು. ಆದರೆ ಈಗ ಕೊಟ್ಟ ಹಣವನ್ನು ಅವರು ಈ ವರ್ಷದ ಸಂಬಳವೆಂದು ಇನ್ನೊಮ್ಮೆ ವರದಿ ಮಾಡಿದ್ದಾರೆಯೇ ಎಂದು ಮುಂದಿನ ವಾರ ಒಮ್ಮೆ ನೋಡಿ. ಫೆಬ್ರವರಿಯ 2,750 ಎರಡು ಕಡೆ ಕಂಡರೆ ಎಚ್‌ಎಂಆರ್‌ಸಿಗೆ ರಾಜಿ ಪತ್ರದ ಪ್ರತಿಯೊಡನೆ ಬರೆಯಬೇಕಾಗುತ್ತದೆ. ಹಾಗೇನಾದರೂ ಇದ್ದರೆ ಇಲ್ಲಿಯೇ ತಿಳಿಸಿ, ಪತ್ರದ ಕರಡು ಮಾಡಿಕೊಡುತ್ತೇನೆ.